ನಡುವಯಸ್ಸಿನಲ್ಲಿ ಕೈಗೆ ಬಂದ ಪೇಟಿ

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ, ಸಂತ ಸಿಸಿಲಿಯಮ್ಮನವರ ಹಬ್ಬದಂದು ಗಾನವೃಂದದವರು ಏರ್ಪಡಿಸಿದ್ದ ಕೂಟದಲ್ಲಿ ಮಾಡಿದ ಭಾಷಣ)



ದೇವಾಲಯ ಸಂಗೀತವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಗಾನವೃಂದದವರು ನನ್ನನ್ನು ಕೇಳಿದಾಗ, ನಾನು ಸಂಗೀತಗಾರನಲ್ಲ, ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತನಾದವನು ಎಂದು ಬಿನ್ನವಿಸಿಕೊಂಡೆ. ಅವರು ಬಿಡಲಿಲ್ಲ. ನನಗೆ ಸಂಗೀತ ಗೊತ್ತಿಲ್ಲವೆಂಬುದು ವಿನಯದ ಮಾತಲ್ಲ. ಸಂಗೀತ ಗೊತ್ತಿಲ್ಲದವನೊಬ್ಬನು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಗುರುವಿಲ್ಲದೆ, ಹಾರ್ಮೋನಿಯಂ ಕಲಿಯಲು ಹೊರಟರೆ ಏನೇನು ಸಂಭವಿಸುತ್ತದೆ ಎಂಬುದಷ್ಟೇ ನನಗೆ ಗೊತ್ತು. ಅದನ್ನೇ ಹೇಳುತ್ತೇನೆ. ಅದರೊಳಗೆ ಒಂದು ತಪ್ಪೊಪ್ಪಿಗೆಯೂ ಅಡಗಿದೆ. ಅದು ಬಹುಕಾಲದಿಂದ ಈ ಸಭೆಯ ಮುಂದೆ ಆಗಬೇಕಾಗಿದ್ದುದು.

1985ರಲ್ಲಿ ನನಗೆ ರೋಣ ತಾಲೂಕಿನ ಅಬ್ಬಿಗೇರಿಗೆ ವರ್ಗವಾಯಿತು. ಆಗ ಅದು ಧಾರವಾಡ ಜಿಲ್ಲೆಯೇ. ಗದಗ ಜಿಲ್ಲೆಯಾದದ್ದು 1997ರಲ್ಲಿ. ಎರೆಭೂಮಿಯ ಊರು. ಬಿಳಿಜೋಳ, ಕಡಲೆ, ಉಳ್ಳಾಗಡ್ಡಿ ಅಲ್ಲಿಯ ಬದುಕು. ಮಳೆ ಬಿದ್ದರೆ ಕಾಲಿಗೆ ಸೇರುಗಟ್ಟಲೆ ಮಣ್ಣು ಅಂಟುತ್ತದೆ. ಮಳೆ ಬಾರದಿದ್ದರೆ ಊರಿಗೆ ಊರೇ ಆಕಾಶ ನೋಡುತ್ತದೆ. ಹೆಂಡತಿ ಮಕ್ಕಳನ್ನು ಇಲ್ಲಿಯೇ ಬಿಟ್ಟು, ಅಲ್ಲಿ ಒಂದು ಖೋಲಿ ಹಿಡಿದು, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಬಸ್ಸಿಗೆ ಓಡಿ, ಭಾನುವಾರದ ದಿವ್ಯ ಬಲಿಪೂಜೆಗೆ ಇಲ್ಲಿರುತ್ತಿದ್ದೆ. ವಾರದ ಉಳಿದ ಆರು ರಾತ್ರಿ ಒಂಟಿ.

ಮರುವರ್ಷ, 1986ರ ಬೇಸಿಗೆಯಲ್ಲಿ, ನಮ್ಮ ದೇವಾಲಯದಲ್ಲಿ ಅನೇಕ ವರ್ಷ ಹಾರ್ಮೋನಿಯಂ ನುಡಿಸಿದ ಹಿರಿಯ ಉಪದೇಶಿಗಳು ಪ್ರಭುವಿನಲ್ಲಿ ನಿದ್ರೆಹೋದರು. ಅವರ ಹಿಂದೆ ಯಾರೂ ಇರಲಿಲ್ಲ. ನಾಲ್ಕಾರು ವಾರ ಪೆಟ್ಟಿಗೆ ಮುಚ್ಚಿಯೇ ಇತ್ತು. ಆಗಿನ ಧರ್ಮಗುರುಗಳು ಒಂದು ದಿನ ಪೂಜೆಯ ತರುವಾಯ, "ಮಾಸ್ತರೇ, ನೀವು ರಾತ್ರಿ ಅಲ್ಲಿ ಏನು ಮಾಡುತ್ತೀರಿ?" ಎಂದು ಕೇಳಿದರು. "ಊಟ ಮಾಡಿ ಮಲಗುತ್ತೇನೆ ಸ್ವಾಮಿ" ಎಂದೆ. "ಹಾಗಾದರೆ ಕಲಿಯಿರಿ" ಎಂದರು. ಅಷ್ಟೇ.

ಗದಗಿನಲ್ಲಿ ಬೇರೆಯವರು ನುಡಿಸಿ ಬಿಟ್ಟ ಪೇಟಿಯೊಂದನ್ನು ನಾಲ್ಕುನೂರೈವತ್ತು ರೂಪಾಯಿಗೆ ಕೊಂಡು, ಬಸ್ಸಿನ ಮೇಲೆ ಹಾಕಲು ಮನಸ್ಸು ಬಾರದೆ, ತೊಡೆಯ ಮೇಲಿಟ್ಟುಕೊಂಡು ಅಬ್ಬಿಗೇರಿಗೆ ಒಯ್ದೆ. ನಮ್ಮ ಸೀಮೆಯಲ್ಲಿ ಹಾರ್ಮೋನಿಯಂ ಅಂದರೆ ಪೇಟಿ. ನಾಟಕ ಕಂಪನಿಗಳಲ್ಲಿ, ದೊಡ್ಡಾಟ ಸಣ್ಣಾಟಗಳಲ್ಲಿ, ಭಜನೆಯಲ್ಲಿ ಎಲ್ಲೆಲ್ಲಿಯೂ ಅದು ಇರುವುದರಿಂದ ಅದನ್ನು ನಮ್ಮ ಹಿರಿಯರ ಕಾಲದಿಂದಲೇ ಬಂದ ದೇಶೀ ವಾದ್ಯವೆಂದು ಬಹುಮಂದಿ ಭಾವಿಸಿದ್ದಾರೆ. ಆದರೆ ಅದು ಹುಟ್ಟಿದ್ದು ಪ್ಯಾರಿಸಿನಲ್ಲಿ, 1840ರ ಸುಮಾರಿಗೆ. ಅಲೆಕ್ಸಾಂಡರ್ ಡಿಬೇನ್ ಎಂಬಾತ ಅದಕ್ಕೆ ಆ ಹೆಸರನ್ನಿಟ್ಟನು. ಅದು ಕಾಲಿನಿಂದ ಗಾಳಿ ತುಂಬುವ ದೊಡ್ಡ ಪೆಟ್ಟಿಗೆ. ಕೊಳವೆಗಳ ಆರ್ಗನ್ ಕೊಳ್ಳಲಾರದ ಸಣ್ಣ ದೇವಾಲಯಗಳಿಗೆ ಅನುಕೂಲವಾದದ್ದು. ಅದನ್ನು ಕುಗ್ಗಿಸಿ, ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿ ಹಾಕಿ ಇನ್ನೊಂದು ಕೈಯಿಂದ ನುಡಿಸುವಂತೆ ಮಾಡಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷರು, 1875ರಲ್ಲಿ. ಹೀಗೆ ಗುಡಿಗಾಗಿ ಬಂದ ವಾದ್ಯ ಬಯಲಿಗೆ ಹೋಗಿ, ಬಯಲಿನವರ ಕೈಯಲ್ಲಿ ಪಳಗಿ, ಮತ್ತೆ ನಮ್ಮ ಗುಡಿಗೆ ಬಂದಿದೆ.

ಈ ಬಡ ಪೆಟ್ಟಿಗೆ ತಿಂದ ಬೈಗುಳವೂ ಕಡಿಮೆಯಲ್ಲ. ಆಕಾಶವಾಣಿಯವರು 1940ರಲ್ಲಿ ಅದನ್ನು ಬಹಿಷ್ಕರಿಸಿದರು. 1971ರವರೆಗೆ ಅದಕ್ಕೆ ಅಲ್ಲಿ ಪ್ರವೇಶವಿರಲಿಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು, ತೂಗುವ ಗಮಕ ಇದರಲ್ಲಿ ಬಾರವು, ಇದರ ಸ್ವರಗಳು ಮೊಳೆ ಹೊಡೆದಂತೆ ಸ್ಥಿರ ಎಂಬುದು ಆರೋಪ. ಆರೋಪ ಸುಳ್ಳಲ್ಲ. ಆದರೆ ನನ್ನಂಥವನಿಗೆ ಆ ದೋಷವೇ ಆಸರೆ ಎನಿಸಿತ್ತು. ಪಿಟೀಲಿನಲ್ಲಾದರೆ ಸ್ವರವನ್ನು ನಾವೇ ಹುಡುಕಬೇಕು. ಗಾಂಧೀಜಿಯವರು 1888ರಲ್ಲಿ ಲಂಡನ್ನಿಗೆ ಹೋದ ಹೊಸದರಲ್ಲಿ, ಸಭ್ಯರಾಗಬೇಕೆಂಬ ಹಂಬಲದಿಂದ ಮೂರು ಪೌಂಡು ತೆತ್ತು ಪಿಟೀಲು ಕೊಂಡು, ಪಾಠಕ್ಕೂ ಹಣ ಸುರಿದು, ಕೆಲವೇ ತಿಂಗಳಲ್ಲಿ ಕೈಬಿಟ್ಟದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಪೇಟಿಯಲ್ಲಾದರೆ ಮನೆಯ ಮೇಲೆ ಬೆರಳಿಟ್ಟರೆ ಸಾಕು, ಸ್ವರ ತಾನಾಗಿ ಬರುತ್ತದೆ, ಇದೇನು ಮಹಾ ಎಂದು ನಾನು ಬಗೆದೆ. ಪೇಟಿಯ ಕೀಲಿಗಳನ್ನು ನಾವು 'ಮನೆ' ಎನ್ನುತ್ತೇವೆ. ಬಿಳಿ ಮನೆ ಏಳು, ಕರಿ ಮನೆ ಐದು. ಅದೇ ಮತ್ತೆ ಮತ್ತೆ. ಲೆಕ್ಕದ ಮಾಸ್ತರನಿಗೆ ಇದಕ್ಕಿಂತ ಸುಲಭವಾದದ್ದು ಯಾವುದಿದೆ?

ಪುಸ್ತಕವೊಂದನ್ನು ಎದುರಿಗಿಟ್ಟುಕೊಂಡು ಆರಂಭಿಸಿದೆ. ಸ ರಿ ಗ ಮ ಎಂದು ಕಾಗದದ ಚೂರುಗಳ ಮೇಲೆ ಬರೆದು ಬಿಳಿ ಮನೆಗಳಿಗೆ ಮೈದಾ ಹಿಟ್ಟಿನ ಅಂಟಿನಿಂದ ಅಂಟಿಸಿದೆ. ಮೂರನೆಯ ರಾತ್ರಿಯೇ ಇಲಿಗಳು ಅಂಟಿನ ಸಮೇತ 'ಗ'ವನ್ನೂ 'ಪ'ವನ್ನೂ ತಿಂದುಹಾಕಿದ್ದವು. ಮತ್ತೆ ಬರೆದು ಅಂಟಿಸಿದೆ. ಬೆರಳು ನೋಡಿದರೆ ಗಾಳಿ ನಿಲ್ಲುತ್ತಿತ್ತು. ಗಾಳಿ ಹಾಕಿದರೆ ಬೆರಳು ತಪ್ಪುತ್ತಿತ್ತು. ಎಡಗೈ ಬಲಗೈಗಳು ಒಂದೇ ದೇಹದವೆಂಬುದೇ ನಂಬಿಕೆಯಾಗುತ್ತಿರಲಿಲ್ಲ. ಹುಡುಗರಿಗೆ ಈ ಕಷ್ಟವಿಲ್ಲ. ಅವರು ತಪ್ಪು ಮಾಡಿ ನಕ್ಕು ಮುಂದೆ ಹೋಗುತ್ತಾರೆ. ನಲವತ್ತರ ಹೊಸ್ತಿಲಲ್ಲಿ ನಿಂತವನು, ಅದೂ ದಿನವಿಡೀ ಬೇರೆಯವರ ತಪ್ಪುಗಳ ಕೆಳಗೆ ಕೆಂಪು ಗೆರೆ ಎಳೆಯುವವನು, ತನ್ನ ತಪ್ಪನ್ನು ಅಷ್ಟು ಹಗುರವಾಗಿ ತೆಗೆದುಕೊಳ್ಳಲಾರನು. ಪ್ರತಿ ತಪ್ಪಿಗೂ ನಿಲ್ಲುತ್ತಿದ್ದೆ, ಮೊದಲಿನಿಂದ ಹಿಡಿಯುತ್ತಿದ್ದೆ. ಹೀಗಾಗಿ ನನಗೆ ಎಲ್ಲ ಹಾಡುಗಳ ಮೊದಲ ಸಾಲು ಚೆನ್ನಾಗಿ ಬರುತ್ತಿತ್ತು. ಒಮ್ಮೆ ರಜೆಯಲ್ಲಿ ಪೇಟಿಯನ್ನು ಮನೆಗೆ ತಂದಿದ್ದೆ. ಎರಡು ದಿನ ಕೇಳಿದ ಮೇಲೆ ನನ್ನಾಕೆ, "ಇದು ಅಳಾಕತ್ತದೋ ಹಾಡಾಕತ್ತದೋ, ಒಂದಾದ್ರೂ ಪೂರಾ ಮಾಡಿಬಿಡ್ರಿ" ಎಂದಳು.

ಅಬ್ಬಿಗೇರಿಯಲ್ಲಿ ನನ್ನ ಖೋಲಿಯ ಪಕ್ಕದ ಮನೆಯ ರೈತರು ವೃದ್ಧರು. ಊರಿನ ಭಜನಾ ಮೇಳದಲ್ಲಿ ಪೇಟಿ ನುಡಿಸುತ್ತಿದ್ದವರು. ಎರಡು ತಿಂಗಳು ಗೋಡೆಯಾಚೆಯಿಂದ ನನ್ನ ಸಾಧನೆಯನ್ನು ಸಹಿಸಿದ ಮೇಲೆ ಒಂದು ರಾತ್ರಿ ಕಂದೀಲು ಹಿಡಿದುಕೊಂಡು ಬಂದರು. "ಮಾಸ್ತರ್ರ, ಕಮ್ಮಾರ ತಿದಿ ಒತ್ತೂದು ನೋಡೀರೇನು? ಅಂವ ಸುತ್ತಿಗಿ ಬಡದಂಗ ತಿದಿ ಒತ್ತೂದಿಲ್ಲ. ತಿದಿ ತನ್ನ ಪಾಡಿಗೆ, ಸುತ್ತಿಗಿ ತನ್ನ ಪಾಡಿಗೆ" ಎಂದರು. ನಾನು ಬೆರಳು ಒತ್ತಿದಾಗಲೆಲ್ಲ ಗಾಳಿಯನ್ನೂ ಒತ್ತುತ್ತಿದ್ದೆ. ಸ್ವರಗಳು ಬಿಕ್ಕಳಿಸುತ್ತಿದ್ದುದಕ್ಕೆ ಅದೇ ಕಾರಣ. ಮರುದಿನ ಶಾಲೆಯಿಂದ ಬರುವಾಗ ಕುಲುಮೆಯ ಮುಂದೆ ಅರ್ಧ ತಾಸು ನಿಂತು ನೋಡಿದೆ. ಆ ವಾರದಿಂದ ಸ್ವರ ಎಣ್ಣೆಯ ಎಳೆಯಂತೆ ಹರಿಯತೊಡಗಿತು.

ಅವರು ಇನ್ನೊಂದು ಮಾತನ್ನೂ ಹೇಳಿದ್ದರು. "ಪೇಟಿಗೆ ಕೊಳ್ಳು ಹೊಂದಸಬ್ಯಾಡ್ರಿ, ಕೊಳ್ಳಿಗೆ ಪೇಟಿ ಹೊಂದಸ್ರಿ." ಕೊಳ್ಳು ಎಂದರೆ ಕೊರಳು, ಕಂಠ. ಆ ಮಾತು ನನಗೆ ಅರ್ಥವಾಯಿತೆಂದು ತಲೆಯಾಡಿಸಿದೆ. ಅರ್ಥವಾಗಿರಲಿಲ್ಲ. ಶ್ರಾವಣದ ಸೋಮವಾರಗಳಲ್ಲಿ ಅವರ ಭಜನೆ ಕೇಳಲು ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆನು. ಮೇಳದ ಹಿರಿಯ ಮೊದಲು ಬರಿಗಂಟಲಿನಲ್ಲಿ 'ಆ' ಎನ್ನುವನು. ಅಜ್ಜನವರು ಕಣ್ಣು ಮುಚ್ಚಿ ಎರಡು ಮೂರು ಮನೆ ತಡಕಾಡಿ, ಆ ದನಿಯ ಷಡ್ಜ ಸಿಕ್ಕ ಮೇಲೆ ತಿದಿ ಒತ್ತುವರು. ನಾನಾದರೋ ಅವರ ಬೆರಳಿನ ಓಟವನ್ನೇ ನೋಡುತ್ತಿದ್ದೆ. ಆ ತಡಕಾಟವನ್ನು ಹಳ್ಳಿಯವರ ಅನಿಶ್ಚಯವೆಂದು ತಿಳಿದಿದ್ದೆ. ನನ್ನ ಪುಸ್ತಕದಲ್ಲಿ ಷಡ್ಜ ಯಾವುದೆಂಬ ಅನುಮಾನವೇ ಇರಲಿಲ್ಲ. ಬಿಳಿ ಒಂದನೆಯ ಮನೆಯೇ ಷಡ್ಜ. ಅಲ್ಲಿಂದ ಹಿಡಿದರೆ ಶುದ್ಧ ಸ್ವರಗಳೆಲ್ಲ ಬಿಳಿ ಮನೆಯಲ್ಲಿಯೇ ಮುಗಿಯುತ್ತವೆ. ಕರಿ ಮನೆಯ ಗೊಡವೆಯೇ ಇಲ್ಲ.

ಗದಗ ಅಲ್ಲಿಗೆ ಹತ್ತಿರವಿದ್ದುದರಿಂದ ವೀರೇಶ್ವರ ಪುಣ್ಯಾಶ್ರಮಕ್ಕೂ ಎರಡು ಮೂರು ಸಲ ಹೋಗಿಬಂದೆ. ಪಂಚಾಕ್ಷರಿ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದ ಮೇಲೆ ಅದನ್ನು ನಡೆಸಿಕೊಂಡು ಬಂದ ಪುಟ್ಟರಾಜ ಗವಾಯಿಗಳು ಆಗ ಇದ್ದರು. ಅವರು ಅಗಲಿದ್ದು 2010ರಲ್ಲಿ. ತಾವೇ ಅಂಧರಾಗಿ, ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿಗಳೆಲ್ಲವನ್ನೂ ನುಡಿಸುತ್ತಿದ್ದ ಅವರು, ಕಣ್ಣಿಲ್ಲದ ಎಷ್ಟೋ ಮಕ್ಕಳ ಕೈಗೆ ವಾದ್ಯ ಕೊಟ್ಟು ಅನ್ನದ ದಾರಿ ತೋರಿಸಿದರು. ಅಲ್ಲಿಯ ಹುಡುಗನೊಬ್ಬನು ಪೇಟಿ ನುಡಿಸುತ್ತಿದ್ದುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವನ ಮುಖ ಮೇಲಕ್ಕಿತ್ತು, ಕಿವಿ ಮುಂದಕ್ಕಿತ್ತು. ಊರಿಗೆ ಬಂದವನೇ ಕಾಗದದ ಚೂರುಗಳನ್ನು ಕಿತ್ತುಹಾಕಿದೆ. ಅಷ್ಟು ಮಾತ್ರ ಕಲಿತೆ. ಗುರುಗಳ ಬಳಿ ಕುಳಿತು ಕಲಿಯುತ್ತೇನೆಂದು ಕೇಳಲು ನಾಚಿಕೆಯಾಯಿತು. ಗದಗ ಸೀಮೆಯವರೇ ಆದ ಭೀಮಸೇನ ಜೋಶಿಯವರು 1933ರಲ್ಲಿ ಹನ್ನೊಂದು ವರ್ಷದ ಬಾಲಕನಾಗಿ ಗುರುವನ್ನು ಅರಸಿಕೊಂಡು ಮನೆಬಿಟ್ಟು ಹೋದರು; ನನಗೆ ಹೊಸ್ತಿಲು ದಾಟಲಾಗಲಿಲ್ಲ. ನಡುವಯಸ್ಸಿನವರು ಸ್ವಂತವಾಗಿ ಕಲಿಯುತ್ತೇವೆಂದು ಹೇಳುವುದರಲ್ಲಿ ಮುಕ್ಕಾಲು ಪಾಲು ಈ ನಾಚಿಕೆಯೇ ಇರುತ್ತದೆಂದು ನನ್ನ ಅಭಿಪ್ರಾಯ.

1986ರ ಕ್ರಿಸ್ತ ಜಯಂತಿಯಿಂದ ನಾನು ಇಲ್ಲಿ ನುಡಿಸತೊಡಗಿದೆ. ಮೊದಲ ದಿನ ಪ್ರವೇಶ ಗೀತೆ ಮುಗಿಯುವಷ್ಟರಲ್ಲಿ ಅಂಗಿ ತೊಯ್ದುಹೋಗಿತ್ತು. ಆದರೆ ಮುಗಿಯಿತು. ಜನ ಹೊಗಳಿದರು. ಮರುವರ್ಷ ಬೆರಳು ಓಡತೊಡಗಿತು. ಸಾಲು ಸಾಲಿನ ನಡುವೆ ಸಣ್ಣ ಸಣ್ಣ ತಾನಗಳನ್ನೂ ಸೇರಿಸಿದೆ. ಆದರೆ ಒಂದು ವಿಷಯ ನನ್ನ ಗಮನಕ್ಕೆ ಬಂದಿತ್ತು. ಹಾಡಿನ ಮೊದಲ ಸಾಲನ್ನು ಸಭೆ ಹಾಡುತ್ತಿತ್ತು. ಮೇಲಿನ ಸಾಲು ಬಂದೊಡನೆ ಗಾನವೃಂದದ ನಾಲ್ಕು ಹುಡುಗಿಯರ ದನಿಯಷ್ಟೇ ಉಳಿಯುತ್ತಿತ್ತು. ಬರಬರುತ್ತ ಮೊದಲ ಸಾಲನ್ನೂ ಬಿಟ್ಟರು. ಜನರಿಗೆ ಭಕ್ತಿ ಕಡಿಮೆಯಾಯಿತು, ಹಾಡು ಬಾರದು, ರೇಡಿಯೋ ಟಿ.ವಿ.ಗಳಿಂದ ಕೆಟ್ಟರು ಎಂದು ನಾನು ಗುರುಗಳ ಮುಂದೆ ದೂರಿದೆ. ಹಾಡಿನ ಪುಸ್ತಕ ಹಂಚಿದೆವು. ಶನಿವಾರ ಸಂಜೆ ಅಭ್ಯಾಸ ಇಟ್ಟೆವು. ಪ್ರಯೋಜನವಾಗಲಿಲ್ಲ.

ಇದು ಸಣ್ಣ ಮಾತಲ್ಲ. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯನ್ನು ಕುರಿತ ಶಾಸನವನ್ನು ಪ್ರಕಟಿಸಿದಾಗ, ಅದರ ಹೃದಯವೇ ಜನರ ಸಕ್ರಿಯ ಭಾಗವಹಿಸುವಿಕೆ. ಅದಕ್ಕೆ ಮೊದಲು, 1903ರಲ್ಲಿ, ಸಂತ ಹತ್ತನೆಯ ಪಿಯುಸ್‌ರವರು ಇದೇ ಸಿಸಿಲಿಯಮ್ಮನವರ ಹಬ್ಬದ ದಿನ ಹೊರಡಿಸಿದ ಪತ್ರದಲ್ಲಿ ಪಿಯಾನೋವನ್ನೂ ತಮ್ಮಟೆ ಮೊದಲಾದ ಸದ್ದಿನ ವಾದ್ಯಗಳನ್ನೂ ದೇವಾಲಯದಿಂದ ದೂರವಿಟ್ಟಿದ್ದರು. ಮಹಾಸಭೆಯಾದರೋ ಆರ್ಗನ್ನಿನ ಹಿರಿಮೆಯನ್ನು ಉಳಿಸಿಕೊಂಡೇ, ಪವಿತ್ರ ಬಳಕೆಗೆ ತಕ್ಕುದಾದ, ಭಕ್ತರ ವಿಶ್ವಾಸವನ್ನು ನಿಜವಾಗಿ ಬೆಳೆಸುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಧರ್ಮಪ್ರಚಾರದ ನಾಡುಗಳ ಜನರ ಸ್ವಂತ ಸಂಗೀತಕ್ಕೆ ತಕ್ಕ ಮನ್ನಣೆ ಸಲ್ಲಬೇಕೆಂದಿತು. ಲ್ಯಾಟಿನ್ ಪೂಜೆಯಲ್ಲಿ ಜಪಸರ ಎಣಿಸುತ್ತ ಕುಳಿತಿದ್ದ ನಮ್ಮ ಅಜ್ಜಿಯಂದಿರು ಕನ್ನಡದಲ್ಲಿ ಬಾಯಿಬಿಟ್ಟು ಹಾಡಿದ್ದು ಆಮೇಲೆ. ನನ್ನ ಕಾಲದಲ್ಲಿ ಆ ಬಾಯಿಗಳು ಮತ್ತೆ ಮುಚ್ಚಿದವು. ಏಕೆಂದು ನನಗೆ ತಿಳಿಯದು.

ತಿಳಿದದ್ದು 1989ರ ಶುಭ ಶುಕ್ರವಾರದಂದು. ಪವಿತ್ರ ಗುರುವಾರದ ಮಹಿಮಾ ಗೀತೆಯ ತರುವಾಯ ಪಾಸ್ಖ ಜಾಗರಣೆಯವರೆಗೆ ನಮ್ಮಲ್ಲಿ ಗಂಟೆಯೂ ಇಲ್ಲ, ಪೇಟಿಯೂ ಇಲ್ಲ. ನಾನು ಕೈ ಕಟ್ಟಿಕೊಂಡು ಪೇಟಿಯ ಪಕ್ಕದಲ್ಲಿ ಕುಳಿತಿದ್ದೆ. ಶಿಲುಬೆಯ ಆರಾಧನೆಗೆ ಜನ ಸಾಲುಗಟ್ಟಿದರು. ಆಗ ಹಿಂದಿನ ಸಾಲಿನಿಂದ ಒಬ್ಬ ಮುದುಕಿ, ಯಾರೂ ಹೇಳದೆ, ಪಾಡುಗಳ ಹಾಡೊಂದನ್ನು ಎತ್ತಿಕೊಂಡಳು. ಆ ತಪಸ್ಸುಕಾಲದ ವಾರವಾರವೂ ನಾನು ನುಡಿಸಿದ್ದು ಅದೇ ಹಾಡು. ವಾರವಾರವೂ ಸಭೆ ಮೌನವಾಗಿದ್ದದ್ದು ಅದೇ ಹಾಡಿಗೆ. ಈಗ ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಗಂಡಸರು, ಮಕ್ಕಳು. ಮೇಲಿನ ಸಾಲು ಬಂತು. ಯಾರೂ ನಿಲ್ಲಲಿಲ್ಲ. ಇಡೀ ಗುಡಿ ಹಾಡಿತು. ಅವರಿಗೆ ಹಾಡು ಬರುತ್ತಿತ್ತು. ಭಕ್ತಿಯೂ ಇತ್ತು.

ನಾನು ಮಾಡಿದ ಕೆಲಸ ಒಂದೇ. ಆಕೆ ಹಿಡಿದ ಷಡ್ಜವನ್ನು ಗಂಟಲಲ್ಲಿ ಹಿಡಿದುಕೊಂಡು, ತುಂಬಿದ ಕೊಡ ಹೊತ್ತವನಂತೆ ಯಾರೊಡನೆಯೂ ಮಾತಾಡದೆ, ಗುಡಿ ಬರಿದಾಗುವವರೆಗೆ ಗುನುಗುತ್ತ ಕುಳಿತೆ. ಆಮೇಲೆ ಪೇಟಿ ತೆರೆದು, ಉಸಿರಿನಷ್ಟು ಗಾಳಿ ಹಾಕಿ, ಮನೆ ತಡಕಾಡಿದೆ. ಅಂದು ವಾದ್ಯ ಮುಟ್ಟಬಾರದೆಂಬ ನಿಯಮ ಮುರಿದೆನೆಂದು ಮುಂದೆ ಪಾಪನಿವೇದನೆಯಲ್ಲಿ ಹೇಳಿದಾಗ ಗುರುಗಳು ನಕ್ಕುಬಿಟ್ಟರು. ಸಿಕ್ಕ ಮನೆ ಬಿಳಿ ಆರು. ನನ್ನ ಬಿಳಿ ಒಂದಕ್ಕಿಂತ ಪೂರ್ತಿ ಮೂರು ಮನೆ ಕೆಳಗೆ. ಆ ಹಾಡು ತಾರ ಷಡ್ಜವನ್ನು ದಾಟಿ ಗಾಂಧಾರವನ್ನು ಮುಟ್ಟುತ್ತದೆ. ನಾನು ಹಿಡಿದ ಶ್ರುತಿಯಲ್ಲಿ ಅದನ್ನು ಎಳೆಯ ಹುಡುಗಿಯರು ಮುಟ್ಟಬಲ್ಲರು. ದಿನವಿಡೀ ಹೊಲದಲ್ಲಿ, ಒಲೆಯ ಮುಂದೆ ದುಡಿದು ಬಂದ ತಾಯಂದಿರು ಮುಟ್ಟಲಾರರು. ಮೂರು ಬಾರಿ ಪ್ರಯತ್ನಿಸಿ ದನಿ ಒಡೆದರೆ ಯಾರಾದರೂ ಸುಮ್ಮನಾಗುತ್ತಾರೆ. ಸುಮ್ಮನಾಗಿದ್ದರು. ನಮ್ಮ ಉಪದೇಶಿಗಳು ಪ್ರತಿ ಹಾಡಿಗೂ ಬೇರೆ ಬೇರೆ ಮನೆ ಹಿಡಿಯುತ್ತಿದ್ದರೆಂಬುದು ಆಗ ನೆನಪಾಯಿತು. ನಾನಾದರೋ ಕರಿ ಮನೆಗೆ ಹೆದರಿ, ನನ್ನ ಬೆರಳಿನ ಅನುಕೂಲಕ್ಕಾಗಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಒಂದು ಧರ್ಮಕೇಂದ್ರದ ಬಾಯಿ ಮುಚ್ಚಿಸಿದ್ದೆ. ಇದೇ ನಾನು ಹೇಳಬೇಕಾಗಿದ್ದ ತಪ್ಪೊಪ್ಪಿಗೆ.

ಅಬ್ಬಿಗೇರಿಗೆ ಹೋಗಿ ಅಜ್ಜನವರಿಗೆ ಹೇಳಿದೆ. ಅವರು ಅಡಿಕೆ ಕತ್ತರಿಸುತ್ತಿದ್ದರು. "ಹೇಳಿದ್ನೆಲ್ರಿ, ಮಾಸ್ತರ್ರ" ಎಂದಷ್ಟೇ ಅಂದರು.

ಬಿಳಿ ಆರರಿಂದ ಷಡ್ಜ ಹಿಡಿದರೆ ಗಾಂಧಾರ, ಧೈವತ, ನಿಷಾದ ಮೂರೂ ಕರಿ ಮನೆಗೆ ಹೋಗುತ್ತವೆ. ಎಲ್ಲಿ ಬೆರಳು ದಾಟಿಸಬೇಕು, ಹೆಬ್ಬೆರಳನ್ನು ಎಲ್ಲಿ ಬಚ್ಚಿಡಬೇಕು ಎಂಬುದೆಲ್ಲ ಬೇರೆ. ಕಲಿತದ್ದನ್ನು ಅಳಿಸಿ ಕಲಿಯುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ಪಾಟಿಯ ಮೇಲಿನ ಅಕ್ಷರವಾದರೆ ಒರೆಸಬಹುದು, ಬೆರಳಿನದು ಒರೆಸಿದರೆ ಹೋಗದು. ಮನೆಗಳ ಸಾಲೇ ಸರಿದು ಶ್ರುತಿ ಬದಲಾಗುವ ಸ್ಕೇಲ್ ಚೇಂಜರ್ ಪೇಟಿ ಇದೆಯೆಂದು ಕೇಳಿದ್ದೆ. ಅದರ ಬೆಲೆ ಮಾಸ್ತರನ ಸಂಬಳಕ್ಕೆ ಎಟುಕುವಂತಿರಲಿಲ್ಲ. ಈಗ ನಮ್ಮ ಗಾನವೃಂದದಲ್ಲಿ ಎಲೆಕ್ಟ್ರಾನಿಕ್ ಕೀಬೋರ್ಡ್ ಇದೆ. ಗುಂಡಿ ಒತ್ತಿದರೆ ಶ್ರುತಿ ಇಳಿಯುತ್ತದೆ, ಏರುತ್ತದೆ. ಬಹಳ ಒಳ್ಳೆಯದು, ನನಗೆ ಅಸೂಯೆಯೇ ಆಗುತ್ತದೆ. ಆದರೆ ಎಷ್ಟು ಸಲ ಒತ್ತಬೇಕೆಂಬುದನ್ನು ಆ ಯಂತ್ರ ಹೇಳದು. ಅದನ್ನು ಹಿಂದಿನ ಸಾಲಿನಲ್ಲಿ ಕುಳಿತಿರುವವರನ್ನೇ ಕೇಳಬೇಕು.

ಎಂಟು ತಿಂಗಳು ಹಿಡಿಯಿತು. ಆ ಅವಧಿಯಲ್ಲಿ ಸುಲಭವಾದ ಒಂದೆರಡು ಹಾಡುಗಳನ್ನು ಬಿಟ್ಟರೆ ಪೇಟಿ ತೆರೆಯಲಿಲ್ಲ. ಜನ ತಾವೇ ಹಾಡಿಕೊಂಡರು. ಅಂದು ಹಾಡು ಎತ್ತಿದ ಮುದುಕಿ ಮಳೆಗಾಲದಲ್ಲಿ ಕಾಯಿಲೆ ಬಿದ್ದು ತೀರಿಕೊಂಡಳು. ಮಣ್ಣು ಮಾಡುವ ದಿನ ಪೇಟಿ ನುಡಿಸಬೇಕೆಂದು ಮನೆಯವರು ಕೇಳಿದರು. ನನ್ನಿಂದಾಗದು ಎಂದೆ. ಆಕೆಯ ಹಾಡನ್ನು ಎಲ್ಲರೂ ಬರಿಗಂಟಲಲ್ಲಿ ಹಾಡಿ ಕಳಿಸಿಕೊಟ್ಟರು. ನನ್ನ ಪೇಟಿಯೊಡನೆ ಆಕೆ ಒಮ್ಮೆಯೂ ಹಾಡಲಿಲ್ಲ. ಆ ಎರಡು ವರ್ಷಗಳಲ್ಲಿ ಗತಿಸಿದ ಇನ್ನೂ ಐದಾರು ಮಂದಿ ಹಿರಿಯರ ಮುಖಗಳು ನನಗೆ ನೆನಪಿವೆ. ಅವರ ಹಾಡುಗಳನ್ನು ನಾನು ಹಿಂತಿರುಗಿಸಲಾರೆ.

1989ರ ಕ್ರಿಸ್ತ ಜಯಂತಿಯ ನಡುರಾತ್ರಿ ಮತ್ತೆ ಪೇಟಿಯ ಮುಂದೆ ಕುಳಿತೆ. ಅಜ್ಜನವರಂತೆಯೇ, ಹಿರಿಯರೊಬ್ಬರಿಗೆ ಮೊದಲ ಸಾಲನ್ನು ಮೆಲ್ಲನೆ ಗುನುಗಲು ಹೇಳಿ, ಅವರ ಷಡ್ಜವನ್ನು ಹುಡುಕಿ ಹಿಡಿದೆ. ಅಂದು ಕರಿ ಐದು ಸಿಕ್ಕಿತು. ತಾನವಿಲ್ಲ, ಅಲಂಕಾರವಿಲ್ಲ, ಬರಿಯ ಹಾಡು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಪೇಟಿಯ ಸದ್ದು ನಿಂತಿತು. ಮನೆ ಒತ್ತುತ್ತಿದ್ದೇನೆ, ದನಿ ಇಲ್ಲ. ಇಲಿ ತಿದಿ ಕಡಿಯಿತೋ, ರೀಡು ಮುರಿಯಿತೋ ಎಂದು ಗಾಬರಿಯಿಂದ ಜೋರಾಗಿ ಗಾಳಿ ಹಾಕಿದೆ. ಆದರೂ ಕೇಳಿಸಲಿಲ್ಲ. ಬಗ್ಗಿ ಪೆಟ್ಟಿಗೆಗೆ ಕಿವಿ ಹಚ್ಚಿದೆ. ಒಳಗೆ ಸ್ವರ ಹರಿಯುತ್ತಲೇ ಇತ್ತು. ನನ್ನ ಬೆನ್ನ ಹಿಂದೆ ಜನ ಹಾಡುತ್ತಿದ್ದರು.

ಹುಡುಗರು ಆಗಲೇ ತಂತಿ ಸರಿಮಾಡಿಕೊಂಡು ನನ್ನನ್ನೇ ನೋಡುತ್ತಿದ್ದಾರೆ.  ಇನ್ನು ಅವರು ಹಾಡಲಿ.